ಲೋಳೆಸರ: ಸೊನೆ ಬೇರೆ, ಲೋಳೆ ಬೇರೆ

ಚೆನ್ನಾಗಿ ಬಲಿತ ಲೋಳೆಸರದ ಎಲೆಯೊಂದನ್ನು ಬುಡಕ್ಕೆ ಕೊಯ್ದು, ಕೊಯ್ದ ಬಾಯಿ ಕೆಳಗಾಗುವಂತೆ ಬಿಳಿ ತಟ್ಟೆಯಲ್ಲಿ ಓರೆಯಾಗಿ ನಿಲ್ಲಿಸಿ ನೋಡಿ. ಸ್ವಲ್ಪ ಹೊತ್ತಿಗೇ ಸಿಪ್ಪೆಯ ಒಳಅಂಚಿನುದ್ದಕ್ಕೂ ಮಣಿ ಪೋಣಿಸಿದ ಹಾಗೆ ಹಳದಿ ಹನಿಗಳು ಮೂಡುತ್ತವೆ. ಹನಿಗಳು ಒಂದಕ್ಕೊಂದು ಕೂಡಿಕೊಂಡು ತಟ್ಟೆಗೆ ಇಳಿಯುತ್ತವೆ, ಗಾಳಿ ತಾಗಿದಂತೆ ಕಂದು ಬಣ್ಣಕ್ಕೆ ತಿರುಗುತ್ತವೆ. ಎಲೆಯ ನಡುವಿನ ಗಾಜಿನಂಥ ಭಾಗದಿಂದ ಈ ಹಳದಿ ಬರುವುದಿಲ್ಲ. ಆ ಹಳದಿಯನ್ನು ನಾಲಗೆಯ ತುದಿಗೆ ತಾಗಿಸಿದರೆ ಕಹಿ ಬಹಳ ಹೊತ್ತು ಬಿಡದು. ನಡುವಿನ ತಿಳಿ ಭಾಗವನ್ನು ತೊಳೆದು ಬಾಯಿಗಿಟ್ಟರೆ ಹೆಚ್ಚುಕಡಿಮೆ ರುಚಿಯೇ ಇರುವುದಿಲ್ಲ.

ಹಳದಿಯದು ಸೊನೆ, ತಿಳಿಯದು ಲೋಳೆ. ಎರಡರ ರಸಾಯನ ಬೇರೆ, ಕೆಲಸ ಬೇರೆ, ಅಪಾಯವೂ ಬೇರೆ. ಲೋಳೆಸರದ ಬಗ್ಗೆ ಹಬ್ಬಿರುವ ಅರ್ಧಕ್ಕರ್ಧ ಗೊಂದಲ ಹುಟ್ಟುವುದು ಇವೆರಡನ್ನೂ ಒಂದೇ ಹೆಸರಿನಲ್ಲಿ ಕರೆಯುವುದರಿಂದ. ಒಬ್ಬರು ‘ಹೊಟ್ಟೆಗೆ ತುಂಬಾ ತಂಪು’ ಎನ್ನುತ್ತಾರೆ, ಇನ್ನೊಬ್ಬರು ‘ಕರುಳಿಗೆ ಕೆಟ್ಟದ್ದು’ ಎನ್ನುತ್ತಾರೆ. ಮೊದಲನೆಯವರ ಮನಸ್ಸಿನಲ್ಲಿರುವುದು ಲೋಳೆ, ಎರಡನೆಯವರ ಮನಸ್ಸಿನಲ್ಲಿರುವುದು ಸೊನೆ. ಇಬ್ಬರ ಮಾತಿನಲ್ಲೂ ಹುರುಳಿದೆ.

ಯಾವ ಗಿಡ ಇದು

ಅಲೋ ಎಂಬ ಕುಲದಲ್ಲಿ ಐನೂರಕ್ಕೂ ಹೆಚ್ಚು ಜಾತಿಗಳಿವೆ. ಆಫ್ರಿಕ, ಮಡಗಾಸ್ಕರ್ ಮತ್ತು ಅರೇಬಿಯಾ ಪರ್ಯಾಯದ್ವೀಪ ಇವುಗಳ ತವರು. ನಾವು ಲೋಳೆಸರ ಎನ್ನುವ ಅಲೋ ವೇರಾ ಅರೇಬಿಯಾ ಕಡೆಯದು. ಸಾವಿರಾರು ವರ್ಷಗಳಿಂದ ಜನರ ಕೈಯಲ್ಲಿ ಊರೂರು ಸುತ್ತಿ, ಈಗ ಬೆಚ್ಚಗಿನ ಒಣ ಸೀಮೆಗಳಲ್ಲೆಲ್ಲ ತಾನಾಗಿಯೇ ಬೆಳೆದಂತೆ ಕಾಣುತ್ತದೆ.

ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಇದನ್ನು ಇನ್ನೊಂದು ಜಾತಿಯ ಉಪಭೇದವಾಗಿ ದಾಖಲಿಸಿದ. 1768ರ ಏಪ್ರಿಲ್‌ನಲ್ಲಿ ಬರ್ಮನ್ ಇದಕ್ಕೆ ಅಲೋ ವೇರಾ ಎಂಬ ಸ್ವತಂತ್ರ ಹೆಸರು ಕೊಟ್ಟ. ಅದೇ ತಿಂಗಳು, ಕೆಲವೇ ದಿನ ತಡವಾಗಿ, ಫಿಲಿಪ್ ಮಿಲ್ಲರ್ ಅದೇ ಗಿಡವನ್ನು ಅಲೋ ಬಾರ್ಬಡೆನ್ಸಿಸ್ ಎಂದು ಕರೆದ. ಸಸ್ಯನಾಮದ ನಿಯಮದಲ್ಲಿ ಮೊದಲು ಬಂದದ್ದಕ್ಕೆ ಮನ್ನಣೆ, ಹಾಗಾಗಿ ಅಲೋ ವೇರಾ ಉಳಿಯಿತು. ಆದರೆ ಕ್ರೀಮು, ಶಾಂಪೂ ಬಾಟಲಿಗಳ ಮೇಲೆ ಇವತ್ತಿಗೂ ಬಾರ್ಬಡೆನ್ಸಿಸ್ ಎಂದೇ ಅಚ್ಚಾಗುತ್ತದೆ. ಅದು ಬೇರೆ ಗಿಡವೋ, ಉತ್ತಮ ತಳಿಯೋ ಅಂದುಕೊಳ್ಳಬೇಕಿಲ್ಲ. ಆ ಹೆಸರಿಗೆ ಕಾರಣವಾದ ಕೆರಿಬಿಯನ್ ದ್ವೀಪ ಬಾರ್ಬಡೋಸ್ ಇದರ ಮೂಲವೂ ಅಲ್ಲ, ಸಾಗರದಾಚೆಯಿಂದ ಒಯ್ದು ನೆಟ್ಟ ಜಾಗ.

ಹಳೆಯ ಪುಸ್ತಕಗಳಲ್ಲಿ ಇದು ಲಿಲ್ಲಿಯ ಕುಟುಂಬದಲ್ಲಿದೆ. ಈಗ ಆಸ್ಫೊಡೆಲೇಸಿ ಕುಟುಂಬಕ್ಕೆ ಸೇರಿದೆ. ಇದನ್ನು ಕತ್ತಾಳೆಯೊಂದಿಗೆ ಗೊಂದಲ ಮಾಡಿಕೊಳ್ಳುವವರು ಬಹಳ. ನೋಟಕ್ಕೆ ಎರಡೂ ಒಂದೇ ಥರ: ದಪ್ಪ ಎಲೆ, ಅಂಚಿಗೆ ಮುಳ್ಳು, ಬುಡದಿಂದಲೇ ಸುತ್ತ ಹರಡಿಕೊಂಡ ಆಕಾರ. ಕತ್ತಾಳೆ ಅಮೆರಿಕ ಖಂಡದ್ದು, ಶತಾವರಿಯ ಕುಟುಂಬದ್ದು, ಲೋಳೆಸರಕ್ಕೆ ದೂರದ ನೆಂಟ ಮಾತ್ರ. ಗುರುತು ಹಿಡಿಯುವುದು ಕಷ್ಟವಲ್ಲ. ಕತ್ತಾಳೆಯ ಎಲೆಯ ತುದಿಯಲ್ಲಿ ಸಾಮಾನ್ಯವಾಗಿ ಸೂಜಿಯಂಥ ಗಟ್ಟಿ ಮುಳ್ಳಿರುತ್ತದೆ. ಎಲೆ ಮುರಿಯಲು ಹೋದರೆ ನಾರು ಕಿತ್ತು ಬರುತ್ತದೆ. ಅದರ ರಸ ತಾಗಿದರೆ ಚರ್ಮ ಉರಿದು ತುರಿಸುತ್ತದೆ. ಲೋಳೆಸರದ ಎಲೆ ಲಟಕ್ಕೆಂದು ಮುರಿಯುತ್ತದೆ, ನಾರು ಇರುವುದಿಲ್ಲ. ಕತ್ತಾಳೆ ಜೀವಮಾನದಲ್ಲಿ ಒಮ್ಮೆ ಹೂಬಿಟ್ಟು ಸಾಯುತ್ತದೆ, ಲೋಳೆಸರ ವರ್ಷ ವರ್ಷವೂ ಹೂಬಿಡಬಲ್ಲದು. ಸುಟ್ಟ ಗಾಯಕ್ಕೆ ಕತ್ತಾಳೆ ಹಚ್ಚಿದರೆ ಗಾಯದ ಮೇಲೆ ಇನ್ನೊಂದು ಗಾಯ.

ಎಳೆಯ ಗಿಡದಲ್ಲಿ ಎಲೆಗಳು ಎದುರುಬದುರಾಗಿ ಎರಡೇ ಸಾಲಿನಲ್ಲಿ ಬರುತ್ತವೆ, ಮೇಲೆಲ್ಲ ಬಿಳಿ ಮಚ್ಚೆ ಇರುತ್ತದೆ. ಗಿಡ ಬಲಿತಂತೆ ಎಲೆಗಳು ಸುರುಳಿಯಾಗಿ ಸುತ್ತಿಕೊಂಡು ಹೂವಿನಾಕಾರಕ್ಕೆ ಬರುತ್ತವೆ, ಮಚ್ಚೆಗಳು ಬಹುಮಟ್ಟಿಗೆ ಮಾಸುತ್ತವೆ. ದೊಡ್ಡ ಎಲೆ 40ರಿಂದ 60 ಸೆಂಟಿಮೀಟರ್ ಉದ್ದ ಬೆಳೆಯುತ್ತದೆ. ಹೂದಂಡು ಮೊಣಕಾಲೆತ್ತರ ದಾಟಿ ನಿಂತು, ಕೆಳಮುಖವಾಗಿ ತೂಗುವ ಹಳದಿ ಕೊಳವೆ ಹೂಗಳನ್ನು ಬಿಡುತ್ತದೆ. ಹೂ ಬಿಟ್ಟರೂ ಬೀಜ ಅಪರೂಪ. ಈ ಗಿಡ ತನ್ನದೇ ಪರಾಗವನ್ನು ಒಪ್ಪುವುದಿಲ್ಲ, ಒಂದೇ ತಾಯಿಯ ಮರಿಗಳಿಂದ ತುಂಬಿದ ತೋಟದಲ್ಲಿ ಎಲ್ಲವೂ ‘ತನ್ನದೇ’ ಆಗಿರುತ್ತದೆ.

ಎಲೆಯನ್ನು ಅಡ್ಡ ಕೊಯ್ದರೆ

ಹರಿತವಾದ ಚಾಕುವಿನಿಂದ ಎಲೆಯ ನಡುವೆ ಅಡ್ಡಕ್ಕೆ ಕೊಯ್ದು, ಮುಖವನ್ನು ಬೆಳಕಿಗೆ ಹಿಡಿದರೆ ಮೂರು ವಲಯ ಕಾಣುತ್ತದೆ.

ಹೊರಗಿನದು ಸಿಪ್ಪೆ. ಮೇಲೆ ಮೇಣದಂಥ ದಪ್ಪ ಪೊರೆ, ಅದರಡಿ ಹಸಿರು ಜೀವಕೋಶಗಳ ಪದರ. ಬಿಸಿಲಿನಿಂದ ಆಹಾರ ತಯಾರಾಗುವುದು ಇಲ್ಲೇ. ಒಳಗಿನದು ಬಣ್ಣವಿಲ್ಲದ ತಿರುಳು, ತೆಳು ಗೋಡೆಯ ದೊಡ್ಡ ದೊಡ್ಡ ಕೋಶಗಳಲ್ಲಿ ಲೋಳೆ ತುಂಬಿಟ್ಟ ನೀರಿನ ಉಗ್ರಾಣ. ಇವೆರಡರ ಗಡಿಯಲ್ಲಿ, ಸಿಪ್ಪೆಗೆ ಒತ್ತಿಕೊಂಡು, ಚುಕ್ಕೆ ಇಟ್ಟಂತೆ ನಾಳಗಳ ಸಾಲೊಂದು ಎಲೆಯ ಸುತ್ತ ಹೋಗುತ್ತದೆ. ನೀರು ಸಾಗಿಸುವ ನಾಳ, ಆಹಾರ ಸಾಗಿಸುವ ನಾಳ ಎಲ್ಲ ಗಿಡಗಳಲ್ಲೂ ಇದ್ದದ್ದೇ. ಇಲ್ಲಿ ಅವುಗಳ ಮಗ್ಗುಲಲ್ಲಿ ದೊಡ್ಡ ಕೋಶಗಳ ಇನ್ನೊಂದು ಗುಂಪಿದೆ. ಹಳದಿ ಸೊನೆ ಇರುವುದು ಇವುಗಳಲ್ಲಿ ಮಾತ್ರ.

ಇಷ್ಟು ತಿಳಿದರೆ ಅಡುಗೆಮನೆಯ ಕೆಲಸ ಅರ್ಧ ಮುಗಿದ ಹಾಗೆ. ಸೊನೆ ಇರುವುದು ಸಿಪ್ಪೆಯಡಿಯ ತೆಳುವಾದ ಒಂದು ಬಳೆಯಲ್ಲಿ. ಸಿಪ್ಪೆಯನ್ನು ತೀರ ತೆಳ್ಳಗೆ ಹೆರೆದರೆ ಆ ಬಳೆ ತಿರುಳಿನ ಜೊತೆಗೇ ಉಳಿದುಬಿಡುತ್ತದೆ. ಎಲೆಯನ್ನು ಇಡಿಯಾಗಿ ಮಿಕ್ಸಿಗೆ ಹಾಕಿದರೆ ಬಳೆಯೂ ನುಣ್ಣಗಾಗಿ ಎಲ್ಲದರಲ್ಲೂ ಬೆರೆಯುತ್ತದೆ. ‘ಎಲೆ ಪೂರ್ತಿ ಹಾಕಿದರೆ ಸತ್ವ ಹೆಚ್ಚು’ ಎಂಬ ಸಲಹೆ ಕೊಡುವವರು ಕೊಡಿಸುತ್ತಿರುವುದು ಭೇದಿಯ ಔಷಧಿಯನ್ನು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬಹುದು. ‘ಲೋಳೆಸರ ರಾತ್ರಿಯಿಡೀ ಆಮ್ಲಜನಕ ಬಿಡುತ್ತದೆ, ಮಲಗುವ ಕೋಣೆಯಲ್ಲಿಡಿ’ ಎಂಬುದು ಎಲ್ಲೆಡೆ ಓಡಾಡುವ ಮಾತು. ಅದರ ಹಿಂದೆ ಅರ್ಧ ಸತ್ಯವಿದೆ. ಮರುಭೂಮಿಯ ಗಿಡ ಹಗಲು ಬಾಯಿ ತೆರೆದರೆ ಇದ್ದ ನೀರೂ ಆವಿಯಾಗಿ ಹೋಗುತ್ತದೆ. ಹಾಗಾಗಿ ಲೋಳೆಸರ ತನ್ನ ಪತ್ರರಂಧ್ರಗಳನ್ನು ತೆರೆಯುವುದು ರಾತ್ರಿ. ಆಗ ಒಳಗೆ ಎಳೆದುಕೊಳ್ಳುವುದು ಇಂಗಾಲದ ಡೈಆಕ್ಸೈಡನ್ನು. ಅದನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟು, ಬೆಳಗಾದ ಮೇಲೆ ರಂಧ್ರ ಮುಚ್ಚಿಕೊಂಡು ಒಳಗೊಳಗೇ ಸಕ್ಕರೆ ಮಾಡುತ್ತದೆ. ಆಮ್ಲಜನಕ ಹುಟ್ಟುವುದು ಬೆಳಕಿದ್ದಾಗಲೇ, ಈ ಗಿಡದಲ್ಲೂ ಅಷ್ಟೇ. ರಾತ್ರಿಯ ವ್ಯಾಪಾರದ ಕುರುಹು ಎಲೆಯಲ್ಲಿ ಸಿಗುತ್ತದೆ: ನಸುಕಿನಲ್ಲಿ ಕೊಯ್ದ ಎಲೆಯಲ್ಲಿ ಹುಳಿ ಹೆಚ್ಚು, ಸಂಜೆ ಕೊಯ್ದದ್ದರಲ್ಲಿ ಕಡಿಮೆ.

ಸೊನೆ: ಹಳೆಯ ಔಷಧಿ

ಪ್ರಾಚೀನ ಗ್ರಂಥಗಳಲ್ಲಿ ‘ಅಲೋ’ ಎಂದು ಬಂದಾಗ ಬಹುಪಾಲು ಅದು ಒಣಗಿಸಿದ ಸೊನೆ. ಕನ್ನಡದಲ್ಲಿ ಇದಕ್ಕೆ ಮುಸಬ್ಬರ, ಕರಿಬೋಳ ಎಂಬ ಹೆಸರುಗಳಿವೆ. ಆಯುರ್ವೇದದಲ್ಲಿ ಕನ್ಯಾಸಾರ ಅಥವಾ ಕುಮಾರೀಸಾರ. ಮುಸಬ್ಬರ ಅರಬ್ಬಿಯಿಂದ ಬಂದ ಪದ. ಅದರ ಧಾತುವಿನಿಂದಲೇ ‘ತಾಳ್ಮೆ’ ಎಂಬರ್ಥದ ಸಬರ್ ಕೂಡ ಬಂದಿದೆ. ಆ ಕಹಿಯನ್ನು ನುಂಗಿದವರಿಗೆ ಈ ನಂಟು ಸರಿಯಾಗಿಯೇ ತೋರುತ್ತದೆ.

ಸುಮಾರು ಕ್ರಿಸ್ತಪೂರ್ವ 1550ರದು ಎನ್ನಲಾದ ಈಜಿಪ್ಟಿನ ವೈದ್ಯಗ್ರಂಥ ಎಬರ್ಸ್ ಪಪೈರಸ್‌ನಲ್ಲಿ ಅಲೋ ಇದೆಯೆಂದು ಓದಲಾಗಿದೆ. ಕ್ರಿಸ್ತಶಕ ಮೊದಲ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರೈಡಿಸ್ ಇದರ ಭೇದಿ ಗುಣವನ್ನೂ ಗಾಯಕ್ಕೆ ಹಾಕುವುದನ್ನೂ ವಿವರಿಸಿದ್ದಾನೆ. ಯೆಮೆನ್‌ನ ಸೊಕೋತ್ರ ದ್ವೀಪದ ಸೊನೆಗೆ ಶತಮಾನಗಳ ಕಾಲ ದೊಡ್ಡ ಹೆಸರಿತ್ತು. ಅದು ಅಲೋ ಪೆರ್ರಿಯಿ ಎಂಬ ಬೇರೆ ಜಾತಿಯದು. ದಕ್ಷಿಣ ಆಫ್ರಿಕದ ‘ಕೇಪ್ ಅಲೋ’ ಬರುವುದು ಆಳೆತ್ತರ ಬೆಳೆಯುವ ಅಲೋ ಫೆರಾಕ್ಸ್‌ನಿಂದ. ಆದರೆ ಬೈಬಲ್ಲಿನಲ್ಲಿ ಸುಗಂಧದ್ರವ್ಯಗಳ ಸಾಲಿನಲ್ಲಿ ಬರುವ ‘ಅಲೋ’ ಅಗರು ಮರದ ಪರಿಮಳದ ಕಟ್ಟಿಗೆ ಎಂದು ತಿಳಿಯಲಾಗಿದೆ. ಹೆಸರೊಂದೇ ಎಂದು ಅದನ್ನೂ ಲೋಳೆಸರದ ಇತಿಹಾಸಕ್ಕೆ ಸೇರಿಸುವುದುಂಟು.

ಕೇಪ್ ಪ್ರಾಂತ್ಯದ ಹಳೆಯ ಕ್ರಮ ಹೀಗೆ: ನೆಲದಲ್ಲಿ ಬಾಣಲೆಯಾಕಾರದ ತಗ್ಗು ತೋಡಿ, ಅದಕ್ಕೆ ತೊಗಲನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಹಾಸುತ್ತಾರೆ. ಕೊಯ್ದ ಎಲೆಗಳನ್ನು, ನೂರಾರು ಸಂಖ್ಯೆಯಲ್ಲಿ, ಕೊಯ್ದ ತುದಿ ತಗ್ಗಿನತ್ತ ಇರುವಂತೆ ಸುತ್ತ ವೃತ್ತಾಕಾರದಲ್ಲಿ ಪೇರಿಸುತ್ತಾರೆ. ಹಿಂಡುವುದಿಲ್ಲ, ಹಿಂಡಿದರೆ ಲೋಳೆಯೂ ಬಂದು ಸೊನೆ ಹಾಳಾಗುತ್ತದೆ. ಕೆಲವು ಗಂಟೆ ತಾನಾಗಿ ಇಳಿದದ್ದನ್ನು ಕಾಯಿಸಿ ಕಾಯಿಸಿ ಪಾಕಕ್ಕೆ ತಂದು, ಡಬ್ಬಕ್ಕೆ ಸುರಿದು ಆರಲು ಬಿಡುತ್ತಾರೆ. ಜೋರು ಉರಿಯಲ್ಲಿ ಬೇಗ ಕಾಯಿಸಿದ್ದು ಒಡೆದರೆ ಗಾಜಿನಂತೆ ಹೊಳೆಯುತ್ತದೆ. ನಿಧಾನಕ್ಕೆ ಇಂಗಿಸಿದ್ದರಲ್ಲಿ ಹರಳು ಕಟ್ಟಿ, ಹೊಳಪಿಲ್ಲದ ಪಿತ್ತಜನಕಾಂಗದ ಬಣ್ಣ ಬರುತ್ತದೆ.

ಇದರ ಕಾರಕ ಅಲೋಯಿನ್, ಆಂಥ್ರಾಕ್ವಿನೋನ್ ಕುಟುಂಬದ ವಸ್ತು. ಸಕ್ಕರೆಯ ಅಣುವೊಂದು ಅದಕ್ಕೆ ಗಟ್ಟಿಯಾಗಿ ಅಂಟಿಕೊಂಡಿರುವುದರಿಂದ ಜಠರದಲ್ಲಾಗಲಿ ಸಣ್ಣ ಕರುಳಿನಲ್ಲಾಗಲಿ ಅದು ಒಡೆಯುವುದಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಆ ಸಕ್ಕರೆಯನ್ನು ಕಿತ್ತ ಮೇಲೇ ಅದು ಕೆಲಸ ಶುರು ಮಾಡುತ್ತದೆ: ಕರುಳಿನ ಗೋಡೆ ನೀರು ಹೀರುವುದನ್ನು ತಡೆದು, ಕರುಳಿನ ಅಲೆಯನ್ನು ಜೋರು ಮಾಡುತ್ತದೆ. ಇದಕ್ಕೆ 6ರಿಂದ 12 ಗಂಟೆ ಬೇಕು. ಮಲಗುವ ಮುಂಚೆ ತೆಗೆದುಕೊಳ್ಳುವ ರೂಢಿ ಬಂದದ್ದು ಇದಕ್ಕೇ. ಮನೆಮದ್ದು ಮಾಡುವವರು ಎಡವುವುದೂ ಇಲ್ಲೇ. ಎರಡು ಗಂಟೆ ಕಾದು, ಏನೂ ಆಗಲಿಲ್ಲವೆಂದು ಇನ್ನೊಂದು ಪಾಲು ನುಂಗುತ್ತಾರೆ; ಬೆಳಗಿನ ಜಾವ ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ, ಹೊಟ್ಟೆ ನುಲಿದು ನೀರುಭೇದಿಯಾಗುತ್ತದೆ.

ಔಷಧಶಾಸ್ತ್ರದ ಲೆಕ್ಕದಲ್ಲಿ ಒಣ ಮುಸಬ್ಬರದ ಪ್ರಮಾಣ 50ರಿಂದ 200 ಮಿಲಿಗ್ರಾಂ, ಒಂದೇ ಸಲ, ರಾತ್ರಿ. ಅದೂ ಒಂದೆರಡು ವಾರಕ್ಕೆ ಮೀರಬಾರದು. ಹೆಚ್ಚೆಂದರೆ ಒಂದು ಗ್ರಾಮಿನ ಐದನೇ ಒಂದು ಪಾಲು. ಮನೆಯ ಚಮಚದಲ್ಲಿ ಅದನ್ನು ಅಳೆಯಲಾಗದು. ಮೇಲಾಗಿ ಜಾತಿಯಿಂದ ಜಾತಿಗೆ ತೀಕ್ಷ್ಣತೆ ಬೇರೆ: ಯೂರೋಪಿನ ಔಷಧಕೋಶ ಬಾರ್ಬಡೋಸ್ ಸೊನೆಯಲ್ಲಿ (ಅಂದರೆ ಅಲೋ ವೇರಾದ್ದರಲ್ಲಿ) ಕನಿಷ್ಠ ಶೇ 28, ಕೇಪ್ ಸೊನೆಯಲ್ಲಿ ಕನಿಷ್ಠ ಶೇ 18 ಕಾರಕವಸ್ತು ಇರಬೇಕೆನ್ನುತ್ತದೆ. ಮನೆಯಲ್ಲಿ ಒಣಗಿಸಿದ್ದರಲ್ಲಿ ಎಷ್ಟಿದೆಯೆಂದು ತಿಳಿಯುವ ದಾರಿಯಿಲ್ಲ. ಮುಸಬ್ಬರವನ್ನು ಮನೆಯಲ್ಲಿ ತಯಾರಿಸಿ ನುಂಗುವ ಕೆಲಸ ಬೇಡವೇ ಬೇಡ.

ಆಯುರ್ವೇದ ಗಿಡವನ್ನು ಕುಮಾರಿ, ಘೃತಕುಮಾರಿ ಎನ್ನುತ್ತದೆ. ಘೃತವೆಂದರೆ ತುಪ್ಪ, ತಿರುಳಿನ ನುಣುಪಿಗೆ ಬಂದ ಹೆಸರು. 16ನೇ ಶತಮಾನದ ಭಾವಪ್ರಕಾಶ ಇದನ್ನು ಶೀತ, ತಿಕ್ತ (ಕಹಿ), ಭೇದನ (ಭೇದಿ ಮಾಡಿಸುವುದು), ಕಣ್ಣಿಗೆ ಹಿತ, ರಸಾಯನ (ದೇಹಕ್ಕೆ ಚೈತನ್ಯ ಕೊಡುವುದು) ಎಂದೆಲ್ಲ ಹೇಳಿ, ಗುಲ್ಮ (ಹೊಟ್ಟೆಯೊಳಗಿನ ಗಂಟು), ಯಕೃತ್ತು-ಪ್ಲೀಹದ ಬಾಧೆ, ಗಂಟು, ಬೆಂಕಿಯ ಸುಟ್ಟಗಾಯ, ಬೊಕ್ಕೆ, ಚರ್ಮರೋಗಗಳಿಗೆ ಸೂಚಿಸುತ್ತದೆ. ಗಮನಿಸಿ ನೋಡಿದರೆ ಈ ಪಟ್ಟಿಯಲ್ಲಿ ಎರಡೂ ಔಷಧಿಗಳು ಬೆರೆತಿವೆ: ಭೇದನ ಸೊನೆಯ ಕೆಲಸ, ಸುಟ್ಟಗಾಯಕ್ಕೆ ಹಚ್ಚುವುದು ತಿರುಳು. ಕುಮಾರ್ಯಾಸವದಲ್ಲಿ ಎಲೆಯ ರಸವನ್ನು ಬೆಲ್ಲ, ಜೇನಿನೊಂದಿಗೆ ಹುದುಗಿಸುತ್ತಾರೆ. ರಜಃಪ್ರವರ್ತಿನೀ ವಟಿಯಲ್ಲಿ ಕನ್ಯಾಸಾರ, ಕಾಸೀಸ (ಕಬ್ಬಿಣದ ಲವಣ), ಬಿಳಿಗಾರ, ಇಂಗು ಸೇರಿಸಿ ಕುಮಾರಿಯ ರಸದಲ್ಲೇ ಅರೆಯುತ್ತಾರೆ. ಹೆಸರೇ ಹೇಳುವಂತೆ ಅದು ನಿಂತ ಮುಟ್ಟನ್ನು ಬರಿಸಲು ಕೊಡುವ ಮಾತ್ರೆ. ಬಸಿರಿಯರು ಸೊನೆಯಿಂದ ದೂರವಿರಬೇಕೆಂಬ ಎಚ್ಚರಿಕೆ ಆ ಹೆಸರಿನೊಳಗೇ ಇದೆ.

ಬಸಿರಿಯರಷ್ಟೇ ಅಲ್ಲ. ಎದೆಹಾಲು ಕೊಡುವ ತಾಯಂದಿರು, 12 ವರ್ಷದೊಳಗಿನ ಮಕ್ಕಳು, ಕರುಳು ಕಟ್ಟಿದವರು, ಕರುಳಿನ ಉರಿಯೂತದ ಕಾಯಿಲೆಯವರು, ಕಾರಣ ತಿಳಿಯದ ಹೊಟ್ಟೆನೋವಿರುವವರು, ಮೂತ್ರಪಿಂಡದ ತೊಂದರೆಯವರು ಯಾರೂ ಇದನ್ನು ಮುಟ್ಟಬಾರದು. ಪದೇ ಪದೇ ಭೇದಿಯಾದರೆ ದೇಹದಿಂದ ಪೊಟ್ಯಾಸಿಯಂ ಸೋರಿಹೋಗುತ್ತದೆ. ಹೃದಯಕ್ಕೆ ಡಿಗಾಕ್ಸಿನ್ ಅಥವಾ ಮೂತ್ರ ಇಳಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ನೇರ ಅಪಾಯ. ತಿಂಗಳುಗಟ್ಟಲೆ ಬಳಸಿದವರ ದೊಡ್ಡ ಕರುಳಿನ ಒಳಪದರ ಕಪ್ಪಗಾಗುವುದೂ ಉಂಟು. ಬಿಟ್ಟರೆ ಕ್ರಮೇಣ ಸರಿಹೋಗುತ್ತದೆ.

2002ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಚೀಟಿಯಿಲ್ಲದೆ ಮಾರುವ ಭೇದಿ ಔಷಧಿಗಳ ಪಟ್ಟಿಯಿಂದ ಅಲೋವನ್ನು ಕೈಬಿಟ್ಟಿತು. 2013ರಲ್ಲಿ ಅಲ್ಲಿನದೇ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮ, ಎರಡು ವರ್ಷ ಕುಡಿಯುವ ನೀರಿನಲ್ಲಿ ಇಡೀ ಎಲೆಯ ಸಾರ ಕೊಟ್ಟ ಇಲಿಗಳ ದೊಡ್ಡ ಕರುಳಿನಲ್ಲಿ ಗಡ್ಡೆಗಳು ಕಂಡವೆಂದು ವರದಿ ಮಾಡಿತು. ಅದನ್ನು ಆಧರಿಸಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇಡೀ ಎಲೆಯ ಸಾರವನ್ನು ‘ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆ ಇರುವ’ 2ಬಿ ಗುಂಪಿಗೆ ಸೇರಿಸಿತು. ಸುದ್ದಿ ಹರಡಿದ್ದು ಮಾತ್ರ ‘ಲೋಳೆಸರದಿಂದ ಕ್ಯಾನ್ಸರ್’ ಎಂದು. ಇಲಿಗಳಿಗೆ ಕೊಟ್ಟದ್ದು ಸೊನೆ ತೆಗೆಯದ ಸಾರ. ತೊಳೆದ ತಿರುಳಿಗೂ ಚರ್ಮಕ್ಕೆ ಹಚ್ಚುವುದಕ್ಕೂ ಆ ಫಲಿತಾಂಶವನ್ನು ಎಳೆಯಲಾಗದು. ಹಾಗೆಂದು ಇಡೀ ಎಲೆಯನ್ನು ರುಬ್ಬಿ ದಿನಾ ಕುಡಿಯುವವರು ಇದನ್ನು ಹಗುರವಾಗಿ ತಳ್ಳಿಹಾಕುವಂತೆಯೂ ಇಲ್ಲ.

ಲೋಳೆ: ನೀರೇ ಹೆಚ್ಚು, ಆದರೂ

ತಿರುಳಿನಲ್ಲಿ ಶೇ 98.5ರಿಂದ 99.5ರಷ್ಟು ನೀರು. ಉಳಿದ ಚೂರುಪಾರಿನಲ್ಲಿ ಅರ್ಧಕ್ಕಿಂತ ಹೆಚ್ಚು ಉದ್ದುದ್ದ ಸರಪಳಿಯ ಸಕ್ಕರೆಗಳು. ಅವುಗಳಲ್ಲಿ ಮುಖ್ಯವಾದದ್ದು ಅಸೆಮನ್ನಾನ್. ಲೋಳೆಯನ್ನು ಬೆರಳಲ್ಲಿ ಎತ್ತಿದಾಗ ನೂಲಿನಂತೆ ಎಳೆದು ಬರುವುದು ಈ ಸರಪಳಿಗಳಿಂದ. ಜೀವಸತ್ವ, ಖನಿಜ, ಕಿಣ್ವಗಳ ಉದ್ದ ಪಟ್ಟಿ ಓದುವಾಗ ಒಂದು ಶೇಕಡಾ ಎಂಬುದು ನೆನಪಿನಲ್ಲಿದ್ದರೆ ಸಾಕು. ಪೋಷಣೆಗಾಗಿ ಲೋಳೆಸರ ತಿನ್ನುವುದರಲ್ಲಿ ಅರ್ಥವಿಲ್ಲ.

ಚರ್ಮದ ಮೇಲೆ ಅದು ಮಾಡುವುದು ನೀರು ಹಿಡಿದಿಟ್ಟುಕೊಂಡ ತೆಳು ಪೊರೆಯ ಕೆಲಸ. ತಂಪೆನಿಸುತ್ತದೆ, ಒಣಗುವುದು ತಡವಾಗುತ್ತದೆ, ಉರಿಯೂತ ಸ್ವಲ್ಪ ತಗ್ಗುತ್ತದೆ. ಆಧುನಿಕ ವೈದ್ಯಕೀಯಕ್ಕೆ ಇದರಲ್ಲಿ ಆಸಕ್ತಿ ಹುಟ್ಟಿದ್ದು 1935ರಲ್ಲಿ, ಎಕ್ಸ್-ರೇ ಚಿಕಿತ್ಸೆಯಿಂದ ಹುಣ್ಣಾದ ಚರ್ಮ ತಾಜಾ ಎಲೆಯಿಂದ ವಾಸಿಯಾಯಿತೆಂಬ ವರದಿ ಬಂದ ಮೇಲೆ. ಆಮೇಲಿನ ಪ್ರಯೋಗಗಳು ಒಂದೇ ದಾರಿ ಹಿಡಿದಿಲ್ಲ. ಸುಟ್ಟಗಾಯದ ಮೇಲಿನ ನಾಲ್ಕು ಪ್ರಯೋಗಗಳನ್ನು, ಒಟ್ಟು 371 ರೋಗಿಗಳನ್ನು, ಒಟ್ಟುಗೂಡಿಸಿದ 2007ರ ವಿಮರ್ಶೆಯಲ್ಲಿ ಗಾಯ ಸುಮಾರು 9 ದಿನ ಬೇಗ ಮಾಗಿತ್ತು. ಆದರೆ 1991ರ ಒಂದು ಪ್ರಯೋಗದಲ್ಲಿ, ಶಸ್ತ್ರಚಿಕಿತ್ಸೆಯ ಹೊಲಿಗೆ ಬಿಚ್ಚಿಕೊಂಡ ಆಳದ ಗಾಯಗಳಿಗೆ ಲೋಳೆ ಹಚ್ಚಿದವರಿಗೆ ವಾಸಿಯಾಗಲು ಸರಾಸರಿ 83 ದಿನ ಬೇಕಾಯಿತು, ಹಚ್ಚದವರಿಗೆ 53. ಸೋರಿಯಾಸಿಸ್‌ನಲ್ಲೂ ಹೀಗೇ: 1996ರ ಪ್ರಯೋಗ ಭಾರಿ ಗುಣ ಕಂಡಿತು, 2005ರದರಲ್ಲಿ ಹುಸಿ ಮುಲಾಮೇ ಮೇಲಾಯಿತು. ಆಳವಿಲ್ಲದ ಸುಟ್ಟಗಾಯಕ್ಕೆ ಲೋಳೆ ಹಚ್ಚುವುದರಲ್ಲಿ ತಪ್ಪಿಲ್ಲ, ಆಳವಾದ, ತೆರೆದ, ಕೀವಾದ ಗಾಯಕ್ಕೆ ಹಚ್ಚುವುದು ತಪ್ಪು. ಈ ಲೆಕ್ಕಗಳಿಂದ ಅಷ್ಟನ್ನು ಧೈರ್ಯವಾಗಿ ಹೇಳಬಹುದು. ಕೂದಲಿಗೆ ಹಚ್ಚಿದರೆ ನುಣುಪು ಬರುತ್ತದೆ. ಬೋಳುತಲೆಯಲ್ಲಿ ಕೂದಲು ಹುಟ್ಟುತ್ತದೆಂದು ನಂಬಲು ಆಧಾರವಿಲ್ಲ.

ಸುಟ್ಟ ಕೂಡಲೇ ಗಿಡದತ್ತ ಓಡಬಾರದು. ಮೊದಲು 20 ನಿಮಿಷ ಹರಿಯುವ ತಣ್ಣೀರಿನಡಿ ಹಿಡಿಯಬೇಕು. ಚರ್ಮದಡಿಯ ಬಿಸಿ ಇಳಿಯುವುದು ಅದರಿಂದ. ಆಮೇಲೆ ಒಣಗಿಸಿ, ಕೆಂಪಾಗಿ ಉರಿಯುವ, ಸಿಪ್ಪೆ ಕಿತ್ತಿರದ ಜಾಗಕ್ಕೆ ತೆಳ್ಳಗೆ ದಿನಕ್ಕೆ ಎರಡು ಮೂರು ಸಲ ಹಚ್ಚಬಹುದು. ಬೊಕ್ಕೆ ಒಡೆದಿದ್ದರೆ, ಗಾಯ ಬೆಳ್ಳಗೆ ನೋವಿಲ್ಲದಂತಿದ್ದರೆ, ಮುಖ, ಕೈ, ಗುಪ್ತಾಂಗಗಳಲ್ಲಿದ್ದರೆ ಅಥವಾ ಅಂಗೈಗಿಂತ ದೊಡ್ಡದಿದ್ದರೆ ವೈದ್ಯರೇ ಸರಿ.

ತಿರುಳು ತೆಗೆಯುವ ಕ್ರಮ

ಎರಡು ಮೂರು ವರ್ಷ ತುಂಬಿದ ಗಿಡದ ತೀರ ಹೊರಗಿನ, ಕೆಳಗಿನ ಎಲೆ ಆರಿಸಿ. ಒಳಗಿನ ಎಳೆ ಎಲೆಗಳಲ್ಲಿ ತಿರುಳು ಕಡಿಮೆ, ಗಿಡಕ್ಕೂ ಪೆಟ್ಟು. ಬುಡದ ಬಿಳಿ ಭಾಗ ಸೇರಿಸಿಯೇ ಕೊಯ್ಯಿರಿ, ಆಗ ಗಿಡದಲ್ಲಿ ಕೊಳೆಯುವ ಮೋಟು ಉಳಿಯುವುದಿಲ್ಲ. ಅರ್ಧ ಕಿಲೋ ತೂಗುವ ಎಲೆಯಿಂದ ಸುಮಾರು ಅರ್ಧದಷ್ಟು ತಿರುಳು ಸಿಕ್ಕೀತು.

ಕೊಯ್ದ ಬಾಯಿ ಕೆಳಗೆ ಮಾಡಿ ಕನಿಷ್ಠ 15 ನಿಮಿಷ ನಿಲ್ಲಿಸಿ. ಹಳದಿ ಇಳಿಯುವುದು ನಿಂತ ಮೇಲೆ ತೊಳೆದು, ಬುಡದಿಂದ ಒಂದು ಇಂಚು, ತುದಿಯಿಂದ ಎರಡು ಮೂರು ಇಂಚು ಕತ್ತರಿಸಿ ಎಸೆಯಿರಿ. ಎರಡೂ ಅಂಚಿನ ಮುಳ್ಳನ್ನು ಉದ್ದಕ್ಕೆ ಹೆರೆಯಿರಿ. ಎಲೆಯನ್ನು ಚಪ್ಪಟೆ ಮಗ್ಗುಲಿನ ಮೇಲಿಟ್ಟು, ಹಸಿರು ಮುಗಿದು ತಿಳಿ ಶುರುವಾಗುವ ಗೆರೆಗಿಂತ ಒಂದೆರಡು ಮಿಲಿಮೀಟರ್ ಒಳಗೆ ಚಾಕು ತೂರಿಸಿ, ಸಿಪ್ಪೆಯನ್ನು ಒಂದೇ ಎಳೆತಕ್ಕೆ ಬಿಡಿಸಿ. ತಿರುಗಿಸಿ ಇನ್ನೊಂದು ಬದಿಯನ್ನೂ ಹಾಗೆಯೇ. ಜಿಪುಣತನ ಮಾಡಿ ಸಿಪ್ಪೆಗಂಟಿದ ಲೋಳೆಯನ್ನು ಚಮಚದಲ್ಲಿ ಕೆರೆಯುವುದೇ ಎಲ್ಲಕ್ಕಿಂತ ದೊಡ್ಡ ತಪ್ಪು: ಕೆರೆದಾಗ ಒಡೆಯುವುದು ಸೊನೆಯ ಕೋಶಗಳೇ.

ಬಂದ ಗಡ್ಡೆಯನ್ನು ಹಳದಿ ಎಳೆ ಒಂದೂ ಕಾಣದಂತಾಗುವವರೆಗೆ ಹರಿಯುವ ನೀರಿನಲ್ಲಿ ತೊಳೆಯಿರಿ. ಒಂದು ತುಂಡನ್ನು ನಾಲಗೆಗೆ ತಾಗಿಸಿ. ಕಹಿಯಿದ್ದರೆ ಇನ್ನೂ ತೊಳೆಯಬೇಕು. ಪಾತ್ರೆಯಲ್ಲಿಟ್ಟ ಲೋಳೆ ಸ್ವಲ್ಪ ಹೊತ್ತಿಗೆ ನಸುಗೆಂಪಾದರೆ ಸೊನೆ ಉಳಿದು ಗಾಳಿಗೆ ಬಣ್ಣ ತಿರುಗಿದೆಯೆಂದು ಲೆಕ್ಕ. ಅದನ್ನು ಹೊಟ್ಟೆಗೂ ಬೇಡ, ಮುಖಕ್ಕೂ ಬೇಡ. ‘ಲೋಳೆಸರ ನನಗೆ ಆಗಿಬರುವುದಿಲ್ಲ, ತುರಿಕೆ ಬರುತ್ತದೆ’ ಎನ್ನುವ ಹಲವರಿಗೆ ಆಗದಿರುವುದು ಈ ಉಳಿಕೆ ಸೊನೆಯೇ ಇರಬಹುದು. ಹೊಸದಾಗಿ ಹಚ್ಚುವವರು ಮೊದಲು ಮೊಣಕೈಯ ಒಳಮಡಿಕೆಗೆ ಸ್ವಲ್ಪ ಹಚ್ಚಿ ಒಂದು ದಿನ ನೋಡಲಿ.

ತೆಗೆದ ಲೋಳೆ ಬಹಳ ಬೇಗ ಕೆಡುತ್ತದೆ. ಎಲೆಯದೇ ಕಿಣ್ವಗಳೂ ಗಾಳಿಯ ಬ್ಯಾಕ್ಟೀರಿಯಾಗಳೂ ಸಕ್ಕರೆಯ ಸರಪಳಿಗಳನ್ನು ತುಂಡರಿಸುತ್ತವೆ. ಕೋಣೆಯ ಬಿಸಿಯಲ್ಲಿ ಕೆಲವೇ ಗಂಟೆಗಳಲ್ಲಿ ಅಂಟು ಹೋಗಿ ನೀರುನೀರಾಗುತ್ತದೆ. ಬೆರಳಲ್ಲಿ ಎತ್ತಿದರೆ ನೂಲು ಬರದಿದ್ದರೆ ಅದರಲ್ಲಿ ನೀವು ಬಯಸಿದ ವಸ್ತು ಉಳಿದಿಲ್ಲ. ಮುಚ್ಚಿದ ಗಾಜಿನ ಸೀಸೆಯಲ್ಲಿ ಫ್ರಿಜ್ಜಿನಲ್ಲಿಟ್ಟರೆ ಎರಡು ಮೂರು ದಿನ. ಹೆಚ್ಚು ದಿನ ಬೇಕೆಂದರೆ ಮಂಜುಗಡ್ಡೆಯ ಅಚ್ಚಿನಲ್ಲಿ ಹೆಪ್ಪುಗಟ್ಟಿಸಿ. ಕುದಿಸಿ ಇಡುವುದು ಬೇಡ. ಕಾದಷ್ಟೂ ಸರಪಳಿ ಒಡೆಯುತ್ತದೆ.

ಅಂಗಡಿಯ ಬಾಟಲಿ ಕೊಳ್ಳುವವರು ನೋಡಬೇಕಾದ್ದು ಒಂದೆರಡೇ. ನಿಜವಾದ ಲೋಳೆಗೆ ಬಣ್ಣವಿಲ್ಲ, ಹಸಿರು ಕಂಡರೆ ಅದು ಬಣ್ಣ ಹಾಕಿದ್ದು. ‘200 ಪಟ್ಟು ಸಾಂದ್ರ’ ಎಂಬ ಪುಡಿ ಪವಾಡವಲ್ಲ: 200 ಕಿಲೋ ತಿರುಳಿನ ನೀರು ತೆಗೆದರೆ ಉಳಿಯುವುದೇ ಒಂದು ಕಿಲೋ. ಆ ಪುಡಿಗೆ ಪಿಷ್ಟದಿಂದ ಮಾಡಿದ ಅಗ್ಗದ ಮಾಲ್ಟೊಡೆಕ್ಸ್‌ಟ್ರಿನ್ ಬೆರೆಸುವುದುಂಟು, ಪದಾರ್ಥಗಳ ಪಟ್ಟಿ ಓದಬೇಕು. ಕುಡಿಯುವ ರಸವಾದರೆ ‘ಒಳತಿರುಳಿನದು’ ಅಥವಾ ಇದ್ದಿಲಿನಿಂದ ‘ಬಣ್ಣ ತೆಗೆದದ್ದು’ ಎಂದು ಬರೆದಿರಬೇಕು. ಅಂತರರಾಷ್ಟ್ರೀಯ ಅಲೋ ವಿಜ್ಞಾನ ಮಂಡಳಿ ಕುಡಿಯುವ ಉತ್ಪನ್ನಗಳಲ್ಲಿ ಅಲೋಯಿನ್ ಹತ್ತು ಲಕ್ಷಕ್ಕೆ 10 ಭಾಗ ಮೀರಬಾರದೆಂದು ಮಿತಿ ಹಾಕಿದೆ. ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಇಂಥ ರಸ ಶುರುಮಾಡುವ ಮುಂಚೆ ವೈದ್ಯರಿಗೆ ಹೇಳಬೇಕು, ರಕ್ತದ ಸಕ್ಕರೆ ಇನ್ನಷ್ಟು ಇಳಿಯಬಹುದು.

ಗಿಡ ಸಾಯುವುದು ಯಾಕೆ

ನೀರು ಕಡಿಮೆಯಾಗಿ ಸತ್ತ ಲೋಳೆಸರ ಅಪರೂಪ. ಪ್ರೀತಿ ಹೆಚ್ಚಾಗಿ, ದಿನಾ ನೀರು ಕುಡಿದು ಸತ್ತದ್ದೇ ಹೆಚ್ಚು. ಬೇರು ಕೊಳೆತರೆ ಎಲೆಯ ಬುಡ ಮೆತ್ತಗಾಗಿ, ನೀರು ತುಂಬಿದ ಚೀಲದಂತೆ ಜೋತು, ವಾಸನೆ ಬರುತ್ತದೆ. ಮಣ್ಣಿನ ಕುಂಡ, ಅಡಿಯಲ್ಲಿ ತೂತು, ಅರ್ಧ ಮಣ್ಣು-ಗೊಬ್ಬರ, ಅರ್ಧ ದಪ್ಪ ಮರಳು ಇದ್ದರೆ ಸಾಕು. ಬೆರಳು ಎರಡು ಇಂಚು ತೂರಿಸಿ ನೋಡಿ, ಅಲ್ಲಿವರೆಗೆ ಒಣಗಿದ್ದರೆ ಮಾತ್ರ ನೀರು.

ಎಲೆಗಳು ಸಣಕಲಾಗಿ ಉದ್ದುದ್ದ ಬೆಳೆದು ಬಾಗಿದರೆ ಬಿಸಿಲು ಸಾಲದು. ನೆರಳಿನಿಂದ ಏಕಾಏಕಿ ಸುಡುಬಿಸಿಲಿಗಿಟ್ಟರೆ ಎಲೆ ಕೆಂಗಂದು ಬಣ್ಣಕ್ಕೆ ತಿರುಗುತ್ತದೆ. ಗಾಬರಿ ಬೇಡ, ವಾರ ಎರಡು ವಾರ ಸ್ವಲ್ಪ ಸ್ವಲ್ಪವೇ ಬಿಸಿಲಿಗೆ ಒಗ್ಗಿಸಿದರೆ ಹಸಿರಾಗುತ್ತದೆ. ಮಂಜು ಹೆಪ್ಪುಗಟ್ಟುವ ಚಳಿ ಮಾತ್ರ ತಡೆಯದು, ಎಲೆಯೊಳಗಿನ ನೀರೇ ಹೆಪ್ಪಾಗಿ ಕೋಶ ಒಡೆಯುತ್ತದೆ. ಎಲೆಗಳ ಸಂದಿಯಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ ಹಿಟ್ಟು ತಿಗಣೆ, ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಹೂದಂಡಿನಲ್ಲೋ ಎಲೆಯಂಚಿನಲ್ಲೋ ಹೂಕೋಸಿನಂಥ ಗಂಟು ಬೆಳೆದರೆ ಅದು ಬರಿಗಣ್ಣಿಗೆ ಕಾಣದ ನುಸಿಯ ಕೆಲಸ, ಆ ಭಾಗ ಕತ್ತರಿಸಿ ಸುಡುವುದೇ ಮದ್ದು. ನಾಯಿ, ಬೆಕ್ಕು ಎಲೆ ಕಚ್ಚಿದರೆ ವಾಂತಿ, ಭೇದಿ ಬರುತ್ತದೆ, ಅವುಗಳಿಗೆ ಎಟುಕದಂತಿಡಿ.

ಎಲೆ ನೆಟ್ಟರೆ ಗಿಡವಾಗುವುದಿಲ್ಲ. ಎಲೆಯಲ್ಲಿ ಚಿಗುರುವ ಮೊಗ್ಗಿಲ್ಲ, ಒಂದೆರಡು ವಾರದಲ್ಲಿ ಕೊಳೆಯುತ್ತದೆ. ತಾಯಿಗಿಡದ ಸುತ್ತ ಏಳುವ ಮರಿಗಳು ಮೂರು ನಾಲ್ಕು ಇಂಚು ಎತ್ತರವಾಗಿ, ತಮ್ಮದೇ ಬೇರು ಬಿಟ್ಟ ಮೇಲೆ ಚಾಕುವಿನಿಂದ ಬೇರ್ಪಡಿಸಿ. ಕೊಯ್ದ ಗಾಯ ಒಣಗಲು ಎರಡು ಮೂರು ದಿನ ನೆರಳಲ್ಲಿ ಬಿಡಿ, ಆಮೇಲೆ ನೆಡಿ. ನೆಟ್ಟ ಮೊದಲ ವಾರ ನೀರು ಹಾಕಬೇಡಿ. ಕೊಯ್ಲು ಶುರುವಾದ ಮೇಲೂ ಒಂದು ಸಲಕ್ಕೆ ಮೂರು ನಾಲ್ಕು ಎಲೆಗಿಂತ ಹೆಚ್ಚು ತೆಗೆಯದೆ, ಗಿಡದಲ್ಲಿ ಎಂಟಾದರೂ ಉಳಿಸಿದರೆ ಅದು ಮುಂದಿನ ಎಲೆಗಳನ್ನು ದಪ್ಪಗೆ ಬೆಳೆಸುತ್ತದೆ.